ಟೇಲ್ ಪುಲ್ಲಿಗೆ ಜೀರೋ ಸ್ಪೀಡ್ ಸ್ವಿಚ್ ಕೂರಿಸಿದ ಬಗೆ

ಕನ್ವೇಯರಿನ ಮೋಟರ್ ತಿರುಗುತ್ತಿದೆ ಎಂದ ಮಾತ್ರಕ್ಕೆ ಬೆಲ್ಟ್ ಓಡುತ್ತಿದೆ ಎಂದು ನಂಬುವಂತಿಲ್ಲ. ಬೆಲ್ಟ್ ಸಡಿಲಗೊಂಡು ಜಾರತೊಡಗಿದರೆ, ಮೋಟರ್ ತಿರುಗಿಸುವ ಹೆಡ್ ಪುಲ್ಲಿ ಅದರಡಿಯಲ್ಲೇ ಉಜ್ಜುತ್ತ ತಿರುಗುತ್ತಿರುತ್ತದೆ. ಮೋಟರಿನ ಕರೆಂಟ್ ನೋಡಿ ಇದನ್ನು ಹಿಡಿಯುವುದು ಕಷ್ಟ. ಅಷ್ಟರಲ್ಲಿ ಪುಲ್ಲಿಯ ರಬ್ಬರ್ ಹೊದಿಕೆ ಕಾದು ಹೊಗೆಯಾಡುತ್ತದೆ, ಹಿಂದಿನ ಯಂತ್ರ ಸುರಿಯುತ್ತಲೇ ಇರುವುದರಿಂದ ಚ್ಯೂಟ್ (ಕಲ್ಲು ಬೀಳುವ ಇಳಿಜಾರು ದಾರಿ) ತುಂಬಿ ಕಟ್ಟಿಕೊಳ್ಳುತ್ತದೆ.

ಕಲಬುರಗಿ ಜಿಲ್ಲೆಯ ಸಿಮೆಂಟ್ ಕಾರ್ಖಾನೆಯೊಂದರಲ್ಲಿ, ಸುಣ್ಣಕಲ್ಲಿನ ಕ್ರಷರ್ ಮುಂದಿರುವ ಗಿಡ್ಡ ಕನ್ವೇಯರಿಗೆ, ಬೆಲ್ಟ್ ನಿಧಾನವಾದರೆ ಅಥವಾ ನಿಂತರೆ ಮೋಟರನ್ನು ನಿಲ್ಲಿಸುವ ಜೀರೋ ಸ್ಪೀಡ್ ಸ್ವಿಚ್ ಹಾಕುವ ಕೆಲಸ ನನ್ನ ಪಾಲಿಗೆ ಬಂದಾಗ, ಹೆಡ್ ಪುಲ್ಲಿಯ ಬಳಿಯೇ ಹಾಕೋಣ ಎಂಬ ಸಲಹೆ ಮೊದಲು ಬಂತು. ಅಲ್ಲಿ ನಿಲ್ಲಲು ಪ್ಲಾಟ್‌ಫಾರ್ಮ್ ಇದೆ, ಪ್ಯಾನೆಲ್ ಹತ್ತಿರವಿದೆ, ಧೂಳೂ ಕಡಿಮೆ. ನಾನು ಒಪ್ಪಲಿಲ್ಲ. ಮೋಟರಿನಿಂದ ತಿರುಗುವ ಶಾಫ್ಟನ್ನಲ್ಲ, ಬೆಲ್ಟಿನಿಂದ ತಿರುಗುವ ಶಾಫ್ಟನ್ನು ಸೆನ್ಸರ್ ನೋಡಬೇಕು. ಎಂದರೆ ಕನ್ವೇಯರಿನ ಹಿಂತುದಿಯಲ್ಲಿರುವ ಟೇಲ್ ಪುಲ್ಲಿಯ ಶಾಫ್ಟನ್ನು.

ಪರ್ಮಿಟ್ ತೆಗೆದುಕೊಂಡು ಮೋಟರಿಗೆ ವಿದ್ಯುತ್ ಕೊಡುವ ಫೀಡರಿಗೆ ಬೀಗ ಹಾಕಿಸಿದ ಮೇಲೆಯೇ ಗಾರ್ಡ್ ಬಿಚ್ಚಿದೆವು. ಶಾಫ್ಟಿನ ಮೇಲೆ ವೆಲ್ಡಿಂಗ್ ಮಾಡಲು ನಾನು ಬಿಡುವುದಿಲ್ಲ, ಏಕೆಂದರೆ ಆ ಕರೆಂಟ್ ಬೇರಿಂಗ್ ಮೂಲಕ ಹರಿದರೆ ಬೇರಿಂಗ್ ಹಾಳಾಗುತ್ತದೆ. ಬದಲಿಗೆ ಎರಡು ಹೋಳುಗಳ ಕ್ಲ್ಯಾಂಪ್ ಮಾಡಿಸಿ, ಅದರ ಮೇಲೆ 45 ಮಿ.ಮೀ. ಚದರದ ಎರಡು ಎಂ.ಎಸ್. (ಮೈಲ್ಡ್ ಸ್ಟೀಲ್) ಪಟ್ಟಿಗಳನ್ನು ಎದುರುಬದುರಾಗಿ ಕೂರಿಸಿ, ಬೋಲ್ಟ್ ಬಿಗಿದೆವು. ಸೆನ್ಸರ್ ಲೋಹವನ್ನು ಮುಟ್ಟದೆಯೇ 15 ಮಿ.ಮೀ. ದೂರದವರೆಗೆ ಗುರುತಿಸುವ ಎಂ30 ಇಂಡಕ್ಟಿವ್ ಪ್ರಾಕ್ಸಿಮಿಟಿ; ಸುಣ್ಣಕಲ್ಲಿನ ಧೂಳು ಮೆತ್ತಿಕೊಂಡರೂ ಅದು ಕೆಲಸ ಮಾಡುತ್ತದೆ. ಬೇರಿಂಗಿನ ಆಟವನ್ನು ಗಮನದಲ್ಲಿಟ್ಟು ನಡುವೆ 8 ಮಿ.ಮೀ. ಗ್ಯಾಪ್ ಬಿಟ್ಟೆ.

ಬ್ರಾಕೆಟ್ಟಿನ ಜಾಗವೇ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು. ಈ ಕನ್ವೇಯರಿನಲ್ಲಿ ಸ್ಕ್ರೂ ತಿರುಗಿಸಿ ಬೆಲ್ಟ್ ಬಿಗಿಮಾಡುವ ವ್ಯವಸ್ಥೆ, ಅಂದರೆ ಸ್ಕ್ರೂ ಟೇಕ್-ಅಪ್ ಇದೆ. ಬೆಲ್ಟ್ ಬಿಗಿಮಾಡಿದಾಗಲೆಲ್ಲ ಟೇಲ್ ಪುಲ್ಲಿ ತನ್ನ ಪ್ಲಮ್ಮರ್ ಬ್ಲಾಕ್ (ಬೇರಿಂಗ್ ಕೂರುವ ಗೂಡು) ಸಮೇತ ಹಿಂದೆ ಸರಿಯುತ್ತದೆ. ಬ್ರಾಕೆಟ್ಟನ್ನು ಫ್ರೇಮಿಗೆ ಕಟ್ಟಿದ್ದರೆ ಫಿಟ್ಟರ್ ಮುಂದಿನ ಬಾರಿ ಸ್ಕ್ರೂ ತಿರುಗಿಸಿದಾಗ ಗ್ಯಾಪ್ ಬದಲಾಗಿ, ಪಟ್ಟಿ ಸೆನ್ಸರಿಗೆ ಕಾಣದೆ ಹೋಗುತ್ತದೆ, ಇಲ್ಲವೇ ಅದಕ್ಕೇ ಬಡಿಯುತ್ತದೆ. ಆದ್ದರಿಂದ ಪ್ಲಮ್ಮರ್ ಬ್ಲಾಕ್ ಕುಳಿತ ಜಾರುವ ತಳಕ್ಕೇ ಬ್ರಾಕೆಟ್ ಕಟ್ಟಿ, ಕೇಬಲ್ಲಿಗೆ ಒಂದಿಷ್ಟು ಸಡಿಲು ಬಿಟ್ಟೆ.

ಬೆಲ್ಟಿನ ವೇಗ ಸೆಕೆಂಡಿಗೆ 1.6 ಮೀಟರ್, ಪುಲ್ಲಿಯ ವ್ಯಾಸ 400 ಮಿ.ಮೀ.; ಲೆಕ್ಕದ ಪ್ರಕಾರ ನಿಮಿಷಕ್ಕೆ ಸುಮಾರು 76 ಸುತ್ತು. ಟ್ಯಾಕೋಮೀಟರ್ 75 ತೋರಿಸಿತು, ಅಂದರೆ ಎರಡು ಪಟ್ಟಿಗಳಿಂದ ಸೆನ್ಸರಿಗೆ ನಿಮಿಷಕ್ಕೆ 150 ಪಲ್ಸ್. ಬೆಲ್ಟ್ ಓಡುತ್ತಿರುವಾಗಲೇ ಕಂಟ್ರೋಲ್ ಯೂನಿಟ್ಟಿನ ಸೆಟ್ಟಿಂಗನ್ನು ನಿಧಾನವಾಗಿ ಏರಿಸುತ್ತ, ರಿಲೇ 150ರ ಹತ್ತಿರ ಬಿಡುವುದನ್ನು ಕಂಡು ಡಯಲ್ ಸರಿಯಿದೆ ಎಂದು ಖಚಿತಪಡಿಸಿಕೊಂಡೆ. ನಂತರ 120ಕ್ಕೆ, ಅಂದರೆ ಶೇಕಡ 80ಕ್ಕೆ ಇಳಿಸಿದೆ. ಪೂರಾ ನಿಂತಾಗ ಮಾತ್ರ ಟ್ರಿಪ್ ಆಗುವಂತೆ ಇಡುವವರಿದ್ದಾರೆ. ಬೆಲ್ಟ್ ಜಾರುವ ಕಾಲದಲ್ಲಿ ಅದರಿಂದ ಏನೂ ಪ್ರಯೋಜನವಿಲ್ಲ.

ಬೆಲ್ಟ್ ವೇಗ ಹಿಡಿಯುವವರೆಗೆ ಸ್ವಿಚ್ ಟ್ರಿಪ್ ಮಾಡದೆ ಕಾಯುವ ಸ್ಟಾರ್ಟಿಂಗ್ ಡಿಲೇಯನ್ನು ಖಾಲಿ ಬೆಲ್ಟಿನಲ್ಲಿ ನೋಡಿ ಇಡಬಾರದು. ಮೋಟರಿನ ಶಕ್ತಿಯನ್ನು ಎಣ್ಣೆಯ ಮೂಲಕ ಮೆಲ್ಲಗೆ ದಾಟಿಸುವ ಫ್ಲೂಯಿಡ್ ಕಪ್ಲಿಂಗ್ ಇರುವ ಈ ಬೆಲ್ಟ್ ಖಾಲಿಯಿದ್ದಾಗ 6 ಸೆಕೆಂಡಿನಲ್ಲಿ ವೇಗ ಹಿಡಿದರೆ, ಕಲ್ಲು ತುಂಬಿದ್ದಾಗ 11 ಸೆಕೆಂಡ್ ಬೇಕಾಯಿತು. ಹಾಗಾಗಿ 15 ಸೆಕೆಂಡ್ ಇಟ್ಟೆ.

ವೇಗ ಸರಿಯಿರುವಾಗ ರಿಲೇ ಎತ್ತಿಕೊಂಡಿರುವಂತೆ ವೈರಿಂಗ್ ಮಾಡಿದ್ದರಿಂದ, ಕೇಬಲ್ ತುಂಡಾದರೂ ಬೆಲ್ಟ್ ನಿಲ್ಲುತ್ತದೆ. ಬೆಲ್ಟಿನೊಂದಿಗೆ ಕ್ರಷರಿಗೆ ಕಲ್ಲು ಸುರಿಯುವ ಫೀಡರೂ ನಿಲ್ಲುವಂತೆ ಇಂಟರ್‌ಲಾಕ್ ಕೊಟ್ಟು, ಟ್ರಿಪ್ ಆದ ಮೇಲೆ ಯಾರಾದರೂ ಸ್ಥಳಕ್ಕೆ ಹೋಗಿ ರಿಸೆಟ್ ಒತ್ತಿದ ಹೊರತು ಮತ್ತೆ ಸ್ಟಾರ್ಟ್ ಆಗದಂತೆ ಮಾಡಿದೆ. ಪರೀಕ್ಷೆಗಾಗಿ ಬೆಲ್ಟ್ ನಿಂತಿದ್ದಾಗ ಸೆನ್ಸರನ್ನು ಪಟ್ಟಿಯಿಂದ ದೂರ ಸರಿಸಿ, ಗಾರ್ಡ್ ಹಾಕಿ ಸ್ಟಾರ್ಟ್ ಮಾಡಿಸಿದಾಗ, ಡಿಲೇ ಮುಗಿಯುತ್ತಿದ್ದಂತೆ ಬೆಲ್ಟೂ ಫೀಡರೂ ಒಟ್ಟಿಗೆ ನಿಂತವು. ಸ್ವಿಚ್ಚನ್ನು ತಪ್ಪಿಸಿ ಬೆಲ್ಟ್ ಓಡಿಸುವ ಬೈಪಾಸ್ ಕೀಯನ್ನು ಮಾತ್ರ ಪ್ಯಾನೆಲ್‌ನಲ್ಲಿ ಬಿಡದೆ, ಶಿಫ್ಟ್ ಇನ್‌ಚಾರ್ಜ್ ಕೈಗೆ ಕೊಟ್ಟೆ.