ಬೆವರಿಗೂ ಮಳೆಗೂ ನಡುವೆ ಒಂದು ಜರ್ಕಿನ್

ಮಳೆ ಜಾಕೆಟ್ ಯಾವುದು ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಹಾಕಿಕೊಂಡು ಏನು ಮಾಡುತ್ತೀರಿ? ಸ್ಕೂಟರಿನಲ್ಲಿ ಕೂತು ಸಿಲ್ಕ್ ಬೋರ್ಡ್ ದಾಟುವವರಿಗೆ ದಪ್ಪ ರೇನ್‌ಕೋಟೇ ಸರಿ. ನೀರು ಒಳಗೆ ಬರಬಾರದು ಅಷ್ಟೆ, ಮೈ ಅಲ್ಲಾಡುವ ಪ್ರಶ್ನೆಯೇ ಇಲ್ಲ. ನನ್ನ ಪಾಡು ಬೇರೆ. ವಾರದಲ್ಲಿ ಕೆಲವು ದಿನ ಸೈಕಲ್ಲಿನಲ್ಲಿ ಆಫೀಸಿಗೆ ಹೋಗುತ್ತೇನೆ, ಸಾಧ್ಯವಾದಾಗ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಓಡುತ್ತೇನೆ, ಮಳೆಗಾಲ ಹಿಡಿದ ಮೇಲೆ ರಜೆ ಸಿಕ್ಕಾಗಲೆಲ್ಲ ಚಿಕ್ಕಮಗಳೂರು, ಕೊಡಗಿನ ಕಡೆ ಬೆಟ್ಟ ಹತ್ತುತ್ತೇನೆ. ಇವಕ್ಕೆಲ್ಲ ಆಗುವ, ಹಗುರವಾದ, ಮೈ ಬಾಗಿದಂತೆ ಹಿಗ್ಗುವ ಒಂದೇ ಜಾಕೆಟ್ ಬೇಕಿತ್ತು. ಹುಡುಕಾಟ ಒಂದು ಮಳೆಗಾಲಕ್ಕೆ ಮುಗಿಯಲಿಲ್ಲ.

ಮೊದಲು ಮಳೆಯದೇ ಲೆಕ್ಕ ಹಾಕಿದೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ, ವರ್ಷದ ಸರಾಸರಿ ಮಳೆ 1,000 ಮಿಲಿಮೀಟರಿನ ಆಸುಪಾಸು. ಜುಲೈ ತಿಂಗಳ ಜಿಟಿಜಿಟಿಗೆ ಜಾಕೆಟ್ಟೇ ಬೇಡ. ಮೇ, ಸೆಪ್ಟೆಂಬರ್, ಅಕ್ಟೋಬರಿನ ಸಂಜೆ ಮಳೆ ನಿಜವಾದ ಮಳೆ: ಗುಡುಗಿ, ಸುರಿದು, ಅಂಡರ್‌ಪಾಸುಗಳನ್ನೆಲ್ಲ ತುಂಬಿಸಿ, ಎಷ್ಟೋ ಸಲ ಗಂಟೆಯೊಳಗೆ ನಿಂತೇಬಿಡುತ್ತದೆ. ಹೀಗಾಗಿ ಇಲ್ಲಿ ಜಾಕೆಟ್ ದಿನದ ಬಹುಪಾಲು ಬ್ಯಾಗಿನೊಳಗೇ ಇರುತ್ತದೆ. ಭಾರವಾಗಿದ್ದು, ಸುತ್ತಿಟ್ಟರೂ ಬ್ಯಾಗಿನ ಅರ್ಧ ಜಾಗ ತಿನ್ನುವಂತಿದ್ದರೆ ಅದು ಮನೆಯಲ್ಲೇ ಉಳಿಯುತ್ತದೆ. ಮಳೆ ಬರುವುದೂ ಸರಿಯಾಗಿ ಆವತ್ತೇ. ಘಟ್ಟದ ಮಳೆಗೆ ಈ ಲೆಕ್ಕ ನಡೆಯುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಮುಳ್ಳೋಡಿಯಿಂದ ಕುದುರೆಮುಖ ಹತ್ತುವಾಗ ಶೋಲಾ ಕಾಡಿನೊಳಗೆ ಇರುವಷ್ಟು ಹೊತ್ತು ಮೈ ಬೇಯುತ್ತದೆ, ಹುಲ್ಲು ಹೊದ್ದ ಬೆಟ್ಟದ ನೆತ್ತಿಗೆ ಬಂದ ಕೂಡಲೇ ಗಾಳಿ ಮಳೆಯನ್ನು ಅಡ್ಡಡ್ಡ ಹೊಡೆಯುತ್ತದೆ. ಒಂದೇ ಜಾಕೆಟ್ ಎರಡಕ್ಕೂ ಬಗ್ಗಬೇಕು.

ಅಂಗಡಿಯಲ್ಲಿ ಮಾತು ಶುರುವಾಗುವುದೇ ಚೀಟಿಯ ಮೇಲಿನ ನಂಬರಿನಿಂದ. "ಮೇಡಂ, ಇದು ಟೆನ್ ತೌಸಂಡ್, ಅದು ಟ್ವೆಂಟಿ. ಡಬಲ್ ಒಳ್ಳೇದು, ಅದನ್ನೇ ತಗೊಳ್ಳಿ" ಅಂದ ಹುಡುಗ. ಆ 10,000 ಅಂದರೆ ಮಿಲಿಮೀಟರ್. ಬಟ್ಟೆಯ ಮೇಲೆ ಹತ್ತು ಮೀಟರ್ ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಒಳಗೆ ಹನಿಯುವುದಿಲ್ಲ ಎಂಬ ಅಳತೆ. ಬೀಳುವ ಮಳೆಹನಿಗೆ ಅಷ್ಟು ಒತ್ತಡ ಎಲ್ಲಿಂದ ಬರಬೇಕು? ಒತ್ತಡ ಬೀಳುವುದು ಬ್ಯಾಗಿನ ಪಟ್ಟಿ ಭುಜವನ್ನು ಅದುಮುವ ಕಡೆ, ಒದ್ದೆ ಬಂಡೆಯ ಮೇಲೆ ಕುಕ್ಕರಿಸಿದಾಗ, ಮೊಣಕೈ ಊರಿದಾಗ. ಅಲ್ಲಿಗೂ 10,000 ಧಾರಾಳವಾಗಿ ಸಾಕು ಅನ್ನುವುದು ನನ್ನ ಅನುಭವ. 20,000ಕ್ಕೆ ಹೆಚ್ಚಿಗೆ ದುಡ್ಡು ಕೊಡುವ ಬದಲು ಹೊಲಿಗೆಗಳನ್ನು ನೋಡಿ. ಪ್ರತಿ ಹೊಲಿಗೆಯ ಒಳಮೈಗೂ ಟೇಪ್ ಅಂಟಿಸಿರಬೇಕು. ಭುಜ, ಟೊಪ್ಪಿಗೆ ಮಾತ್ರ ಅಂಟಿಸಿ ಕಂಕುಳು, ಪಕ್ಕೆಯ ಹೊಲಿಗೆ ಹಾಗೇ ಬಿಟ್ಟಿರುವುದೂ ಉಂಟು. ಅದರಲ್ಲಿ ಸೂಜಿ ತೂತುಗಳಿಂದ ನೀರು ಬರುತ್ತದೆ, ಬಟ್ಟೆ ಎಷ್ಟು ಸಾವಿರದ್ದಾದರೂ ಸರಿ.

ಚೀಟಿಯಲ್ಲಿ ಇನ್ನೊಂದು ನಂಬರ್ ಇರುತ್ತದೆ, ಅದು ಬೆವರಿನ ಆವಿ ಹೊರಹೋಗುವ ಲೆಕ್ಕ. 10,000 ಗ್ರಾಂ ಅಂದರೆ ಒಂದು ಚದರ ಮೀಟರ್ ಬಟ್ಟೆಯ ಮೂಲಕ 24 ಗಂಟೆಯಲ್ಲಿ ಅಷ್ಟು ಆವಿ ದಾಟುತ್ತದೆ ಎಂದು. ಕೇಳಲು ದೊಡ್ಡದು. 24ರಿಂದ ಭಾಗಿಸಿ ನೋಡಿ: ಗಂಟೆಗೆ ಸುಮಾರು 417 ಗ್ರಾಂ. ಬ್ಯಾಗ್ ಹೊತ್ತು ಏರು ಹತ್ತುವ ಮನುಷ್ಯ ಗಂಟೆಗೆ ಒಂದು ಲೀಟರ್‌ವರೆಗೂ ಬೆವರುತ್ತಾನೆ. ಸಾಲದ್ದಕ್ಕೆ, ಅಳೆಯುವ ವಿಧಾನವೂ ಒಂದೇ ಅಲ್ಲ. ಒಂದು ವಿಧಾನದಲ್ಲಿ ಅಳೆದ 10,000, ಇನ್ನೊಂದರಲ್ಲಿ ಅದೇ ಬಟ್ಟೆಗೆ ಬೇರೆಯೇ ಅಂಕಿ ಕೊಡುತ್ತದೆ. ಎರಡು ಕಂಪನಿಯ ಚೀಟಿಗಳನ್ನು ಅಕ್ಕಪಕ್ಕ ಹಿಡಿದು ಹೋಲಿಸುವುದನ್ನು ಅವತ್ತಿನಿಂದ ಬಿಟ್ಟೆ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ, ಇಡೀ ಆಯ್ಕೆ ಅದರ ಮೇಲೆ ನಿಂತಿದೆ. ಆವಿ ತಾನಾಗಿ ಹೊರಗೆ ಹೋಗುವುದಿಲ್ಲ. ಒಳಗೆ ಆವಿಯ ಒತ್ತಡ ಹೆಚ್ಚಿದ್ದು ಹೊರಗೆ ಕಡಿಮೆ ಇದ್ದರೆ ಮಾತ್ರ ದಾಟುತ್ತದೆ. ಚಳಿದೇಶದಲ್ಲಿ ಜಾಕೆಟ್ಟಿನೊಳಗೆ ಬಿಸಿ, ಹೊರಗೆ ತಣ್ಣನೆ ಒಣ ಗಾಳಿ. ವ್ಯತ್ಯಾಸ ದೊಡ್ಡದು, ಬಟ್ಟೆಯ ಒಳಮೈಗೆ ಅಂಟಿಸಿದ, ನೀರು ತಡೆದು ಆವಿ ಬಿಡುವ ಪೊರೆ ಕೆಲಸ ಮಾಡುತ್ತದೆ. ಆಗಸ್ಟ್ ತಿಂಗಳಲ್ಲಿ ಘಟ್ಟದ ಕಾಡಿನೊಳಗೆ 20 ಡಿಗ್ರಿ ದಾಟಿದ ಬಿಸಿ, ಗಾಳಿಯಲ್ಲಿ ತೇವ ನೂರಕ್ಕೆ ನೂರರ ಹತ್ತಿರ. ಹೊರಗಿನ ಗಾಳಿಯೇ ನೀರು ಕುಡಿದು ನಿಂತಿರುವಾಗ ಒಳಗಿನ ಬೆವರಿಗೆ ಅದು ಜಾಗ ಎಲ್ಲಿ ಕೊಡುತ್ತದೆ? ಎಷ್ಟು ದುಬಾರಿ ಪೊರೆಯಾದರೂ ಅಲ್ಲಿ ಅರೆಮನಸ್ಸಿನಿಂದಲೇ ದುಡಿಯುವುದು.

ಕಳಸದ ಕಡೆ ಒಂದು ಹೋಮ್‌ಸ್ಟೇಯಲ್ಲಿ ಜಾಕೆಟ್ ಬಿಚ್ಚಿ ಟೀಶರ್ಟ್ ಹಿಂಡುತ್ತಿದ್ದಾಗ ಮನೆಯ ಯಜಮಾನರು ನೋಡಿ, "ಎಂತದು ಮಾರಾಯ್ರೆ, ಮಳೆ ಕೋಟಿನ ಹೊರಗೆ ಬಂತಾ, ಒಳಗೆ ಬಂತಾ?" ಎಂದು ನಕ್ಕರು. ಅವರ ಜಗಲಿಯ ಗೋಡೆಗೆ ಹಳೆಯ ಗೊರಬು ನೇತುಹಾಕಿತ್ತು. ಬಿದಿರಿನ ಸೀಳಿಗೆ ಎಲೆ ಹೊದಿಸಿ ಮಾಡಿದ್ದು, ನಾಟಿ ಮಾಡುವಾಗ ತಲೆಯಿಂದ ಬೆನ್ನ ಮೇಲೆ ಕವಿಚಿಕೊಳ್ಳುವಂಥದ್ದು. ಬಗ್ಗಿ ದುಡಿಯುವವರಿಗೆ ಬೆನ್ನು ಮುಚ್ಚಿದರೆ ಸಾಕು, ಮುಂದುಗಡೆ ಪೂರ್ತಿ ಬಯಲು. ಗಾಳಿ ಆಡುತ್ತದೆ, ಕೈ ಬಿಡುವಾಗಿರುತ್ತದೆ. ನಾನು ಹುಡುಕುತ್ತಿದ್ದ ಎರಡೂ ಗುಣ ಅದರಲ್ಲಿದ್ದವು, ಯಾವ ಪೊರೆಯ ಹಂಗೂ ಇಲ್ಲದೆ.

ಅಲ್ಲಿಂದ ಮುಂದೆ ನಾನು ಮೊದಲು ನೋಡುವುದು ಕಂಕುಳ ಜಿಪ್ಪು. ಮೊಣಕೈ ಹತ್ತಿರದಿಂದ ಪಕ್ಕೆಯವರೆಗೆ ಉದ್ದಕ್ಕೆ ತೆರೆಯುವಂತಿರಬೇಕು, ಎರಡೂ ಕಡೆಯಿಂದ ಎಳೆಯಲು ಬರಬೇಕು, ಬ್ಯಾಗ್ ಹಾಕಿಕೊಂಡಿರುವಾಗಲೇ ಒಂದು ಕೈಯಲ್ಲಿ ತೆರೆಯಲು ಆಗಬೇಕು. ಕಿರುಬೆರಳಿನ ಉದ್ದದ ಜಿಪ್ಪು ಇಟ್ಟು 'ವೆಂಟಿಲೇಷನ್' ಎಂದು ಚೀಟಿ ಬರೆಯುವವರೂ ಇದ್ದಾರೆ. ಮುಂದಿನ ಜಿಪ್ಪು ಕೆಳಗಿನಿಂದಲೂ ತೆರೆದರೆ ಇನ್ನೂ ಒಳ್ಳೆಯದು. ಜೇಬಿನ ಒಳಗೆ ಜಾಲರಿ ಬಟ್ಟೆ ಇದ್ದರೆ ಜೇಬು ತೆರೆದಿಟ್ಟರೂ ಗಾಳಿ ಬರುತ್ತದೆ. ನಾನು ನೋಡಿದ ಅಂಗಡಿಗಳಲ್ಲಿ ಹೆಂಗಸರ ಸಾಲಿನಲ್ಲಿ ಗುಲಾಬಿ ಬಣ್ಣ ಬೇಕಾದಷ್ಟಿತ್ತು, ಕಂಕುಳ ಜಿಪ್ಪು ಹುಡುಕಿದರೂ ಇರಲಿಲ್ಲ. ಕೊನೆಗೆ ಗಂಡಸರ ಸಾಲಿನಿಂದ ಚಿಕ್ಕ ಅಳತೆಯದು ತೆಗೆದುಕೊಂಡೆ. ಸೊಂಟದ ಹತ್ತಿರ ತುಸು ಬಿಗಿ, ಅಷ್ಟೇನೂ ತೊಂದರೆಯಿಲ್ಲ, ಬಟ್ಟೆ ಹಿಗ್ಗುತ್ತದಲ್ಲ.

ಹಿಗ್ಗುವ ವಿಷಯಕ್ಕೆ ಬರುತ್ತೇನೆ. ಮಾಮೂಲಿ ನೈಲಾನ್ ಜಾಕೆಟ್ ಹಿಗ್ಗುವುದಿಲ್ಲ, ಹಾಗಾಗಿ ಕೈ ಎತ್ತಲು, ಬಗ್ಗಲು ಜಾಗ ಬೇಕೆಂದು ಒಂದು ಅಳತೆ ದೊಡ್ಡದು ಕೊಳ್ಳಬೇಕಾಗುತ್ತದೆ. ದೊಡ್ಡದು ಕೊಂಡರೆ ಸೈಕಲ್ ಮೇಲೆ ಗಾಳಿ ತುಂಬಿ ಪಟಪಟ ಬಡಿಯುತ್ತದೆ, ತೋಳಿನ ತುದಿ ಬೆರಳಿಗೆ ಬರುತ್ತದೆ. ಹಿಗ್ಗುವ ಬಟ್ಟೆಯ ನಿಜವಾದ ಲಾಭ ಇಲ್ಲಿದೆ: ಮೈಗೆ ಸರಿಯಾದ ಅಳತೆಯನ್ನೇ ಹಾಕಿಕೊಳ್ಳಬಹುದು. ಇದರಲ್ಲಿ ಎರಡು ಬಗೆ. ಒಂದರಲ್ಲಿ ನೂಲಿನ ಜೊತೆ ಸ್ಪ್ಯಾಂಡೆಕ್ಸ್ ಎಂಬ ಹಿಗ್ಗುವ ಎಳೆ ಬೆರೆಸಿರುತ್ತಾರೆ. ಎಳೆದರೆ ಚೆನ್ನಾಗಿ ಹಿಗ್ಗುತ್ತದೆ, ಆದರೆ ಒದ್ದೆಯಾದರೆ ಭಾರ, ಒಣಗಲು ನಿಧಾನ. ಮಳೆಗಾಲದಲ್ಲಿ ಹೋಮ್‌ಸ್ಟೇಯ ಹಗ್ಗದ ಮೇಲೆ ರಾತ್ರಿಯಿಡೀ ಹಾಕಿದರೂ ಬೆಳಿಗ್ಗೆ ತಣ್ಣಗೆ ಮೈಗೆ ಹತ್ತುತ್ತದೆ. ಇನ್ನೊಂದರಲ್ಲಿ ಪಾಲಿಯೆಸ್ಟರ್ ಅಥವಾ ನೈಲಾನ್ ನೂಲನ್ನೇ ಸುರುಳಿ ಸುರುಳಿಯಾಗಿ ಮಾಡಿ ನೇಯ್ದಿರುತ್ತಾರೆ, ಅದನ್ನು ಮೆಕ್ಯಾನಿಕಲ್ ಸ್ಟ್ರೆಚ್ ಅನ್ನುತ್ತಾರೆ. ಹಿಗ್ಗುವುದು ಸ್ವಲ್ಪ ಕಡಿಮೆ, ಬೇಗ ಒಣಗುತ್ತದೆ. ನನ್ನ ಓಟು ಎರಡನೆಯದಕ್ಕೆ.

ಮೇಲಿನ ಬಟ್ಟೆ ಹಿಗ್ಗಿದರೆ ಸಾಲದು, ಒಳಗಿನ ಪೊರೆಯೂ ಹಿಗ್ಗಬೇಕು. ಪಾಲಿಯುರೆಥೇನ್ ಅಂದರೆ ಪಿಯು ಪೊರೆ ಸ್ವಭಾವದಿಂದಲೇ ರಬ್ಬರಿನ ಜಾತಿ, ಹಿಗ್ಗುತ್ತದೆ. ರಾಬರ್ಟ್ ಗೋರ್ 1969ರಲ್ಲಿ ಟೆಫ್ಲಾನ್ ವಸ್ತುವನ್ನು ಸರ್ರನೆ ಎಳೆದು ಕಂಡುಕೊಂಡ, ಮುಂದೆ ಗೋರ್‌ಟೆಕ್ಸ್ ಎಂದು ಹೆಸರಾದ ಪೊರೆಗೆ ಆ ಗುಣ ಹುಟ್ಟಿನಿಂದ ಇಲ್ಲ. ಅದನ್ನು ಹಿಗ್ಗಿಸಲು ಬೇರೆ ಉಪಾಯ ಮಾಡಬೇಕಾಯಿತು. ಹೀಗಾಗಿ ಮೈಗೆ ಹೊಂದುವ ಹಗುರ ಜಾಕೆಟ್ಟುಗಳಲ್ಲಿ ಪಿಯು ಹೆಚ್ಚಾಗಿ ಕಾಣುತ್ತದೆ. ಈಚೆಗೆ ಅತಿ ಸಣ್ಣ ಎಳೆಗಳನ್ನು ಬಲೆಯಂತೆ ಹರಡಿ ಮಾಡಿದ, ಚೂರು ಗಾಳಿಯನ್ನೇ ಒಳಬಿಡುವ ಪೊರೆಗಳೂ ಬಂದಿವೆ. ದಿ ನಾರ್ತ್ ಫೇಸ್ 2019ರಲ್ಲಿ ತಂದ ಫ್ಯೂಚರ್‌ಲೈಟ್ ಅಂಥದ್ದು. ನಮ್ಮ ಹವೆಗೆ ತಾತ್ವಿಕವಾಗಿ ಇದು ಹೆಚ್ಚು ಹೊಂದಬೇಕು, ಆದರೆ ಬೆಲೆ ನೋಡಿ ನಾನು ಹ್ಯಾಂಗರಿಗೇ ವಾಪಸು ಹಾಕಿದೆ.

ಕೊಳ್ಳುವಾಗ ಅಂಗಡಿಯಲ್ಲಿ ನಾನು ಮಾಡುವ ಸರ್ಕಸ್ ನೋಡಿ ಪಕ್ಕದವರು ನಕ್ಕಿದ್ದಾರೆ, ನಗಲಿ. ಮನೆಯಿಂದಲೇ ನನ್ನ ಬ್ಯಾಗ್ ತುಂಬಿಸಿಕೊಂಡು ಹೋಗುತ್ತೇನೆ. ಅರ್ಧ ತೋಳಿನ ಟೀಶರ್ಟ್ ಮೇಲೆ ಜಾಕೆಟ್, ಅದರ ಮೇಲೆ ಬ್ಯಾಗ್. ಎರಡೂ ಕೈ ಮೇಲೆತ್ತಿದರೆ ಕೆಳ ಅಂಚು ಹೊಟ್ಟೆಯ ಮೇಲಕ್ಕೆ ಏರಬಾರದು. ಎದುರಿನ ಕಪಾಟನ್ನು ಹ್ಯಾಂಡಲ್‌ಬಾರ್ ಮಾಡಿಕೊಂಡು ಬಗ್ಗಿದರೆ ಬೆನ್ನಿನ ಕೆಳಗೆ ಗಾಳಿ ತಗುಲಬಾರದು, ಮಣಿಕಟ್ಟು ಬರಿದಾಗಬಾರದು. ನನ್ನನ್ನೇ ತಬ್ಬಿಕೊಂಡು ಭುಜದ ಹಿಂದೆ ಎಳೆತ ಎಷ್ಟಿದೆ ನೋಡುತ್ತೇನೆ. ಆಗ ಗೊತ್ತಾದದ್ದು, ಕಂಕುಳಲ್ಲಿ ಒಂದು ಬೇರೆ ತುಂಡು ಕೊಟ್ಟು, ಮೊಣಕೈಯನ್ನು ಬಾಗಿಸಿ ಹೊಲಿದಿದ್ದರೆ ಸ್ಟ್ರೆಚ್ಚಿನ ಕೆಲಸ ಅರ್ಧ ಅಲ್ಲೇ ಮುಗಿಯುತ್ತದೆ. ಹೊಲಿಗೆ ಕೆಟ್ಟದ್ದಿದ್ದರೆ ಯಾವ ಬಟ್ಟೆಯೂ ಉಳಿಸುವುದಿಲ್ಲ. ಹೀಗೆ ಮುಟ್ಟಿ, ಹಾಕಿ ನೋಡಿ ಕೊಳ್ಳಲು ಬೆಂಗಳೂರು ಒಳ್ಳೆಯ ಊರು: ವೈಲ್ಡ್‌ಕ್ರಾಫ್ಟ್ ಇಲ್ಲಿನದೇ ಕಂಪನಿ, ಡೆಕಾಥ್ಲಾನಿನ ದೊಡ್ಡ ಮಳಿಗೆಗಳಿವೆ, ಯಾರೂ ಗದರುವುದಿಲ್ಲ.

ಟೊಪ್ಪಿಯನ್ನೂ ಹಾಕಿಕೊಂಡು ಕತ್ತು ತಿರುಗಿಸಬೇಕು. ತಲೆ ತಿರುಗಿ ಟೊಪ್ಪಿ ನಿಂತಲ್ಲೇ ನಿಂತರೆ ಹಿಂದಿನಿಂದ ಬರುವ ಬಿಎಂಟಿಸಿ ಬಸ್ಸು ಕಾಣುವುದಿಲ್ಲ. ಹೆಲ್ಮೆಟ್ ಒಳಗೆ ಹಿಡಿಯುವಷ್ಟು ತೆಳ್ಳಗಿರಬೇಕು, ಕನ್ನಡಕ ಇರುವವರಿಗೆ ಮುಂದೆ ಗಟ್ಟಿ ಅಂಚು ಬೇಕೇ ಬೇಕು. ಬಣ್ಣ: ಕಪ್ಪು ಬೇಡ. ಸಂಜೆ ಮಳೆಯಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಪ್ಪು ಜಾಕೆಟ್ಟಿನ ಸೈಕಲ್ ಸವಾರರು ಯಾರಿಗೂ ಕಾಣುವುದಿಲ್ಲ.

ಎಷ್ಟು ಹಗುರ ಅನ್ನುವುದರಲ್ಲಿ ನಾನು ಸ್ವಲ್ಪ ಬಿಟ್ಟುಕೊಟ್ಟೆ. 200 ಗ್ರಾಂ ಒಳಗಿನವು ಸಿಗುತ್ತವೆ, ಅಂಗೈಯಲ್ಲಿ ಮಡಚಬಹುದು. ಅವು ಹೆಚ್ಚಾಗಿ ಎರಡೂವರೆ ಪದರದವು, ಒಳಗೆ ಬಟ್ಟೆ ಇಲ್ಲ, ಪೊರೆಯ ಮೇಲೆ ಬರಿಯ ಅಚ್ಚು. ಪೂರ್ತಿ ತೋಳಿನ ಉಣ್ಣೆ ಅಂಗಿ ಹಾಕುವ ದೇಶದಲ್ಲಿ ಅದು ಸರಿಹೋದೀತು. ಅರ್ಧ ತೋಳಿನ ಮೇಲೆ ಹಾಕಿದರೆ ಬೆವರಿದ ಬರಿಗೈಗೆ ಪ್ಲಾಸ್ಟಿಕ್ಕಿನ ಹಾಗೆ ಅಂಟಿಕೊಳ್ಳುತ್ತದೆ, ತೆಗೆಯುವಾಗ ತೋಳು ಒಳಮೊಗವಾಗಿ ಬರುತ್ತದೆ. ಮೂರು ಪದರದ್ದರಲ್ಲಿ ಒಳಗೆ ತೆಳುವಾದ ಹೆಣಿಗೆ ಬಟ್ಟೆ ಇರುತ್ತದೆ, ಅದು ಬೆವರನ್ನು ಹರಡುತ್ತದೆ, ಕೈಗೆ ಹತ್ತುವುದಿಲ್ಲ. ನನ್ನದು ಮೂರು ಪದರ, 300 ಗ್ರಾಂ ಚಿಲ್ಲರೆ. ಒಯ್ಯುವ ಭಾರ ಹೆಚ್ಚಾಯಿತು, ಒಪ್ಪುತ್ತೇನೆ. ಹಾಕಿಕೊಂಡು ಇರಬಹುದಾದ ಹೊತ್ತೂ ಹೆಚ್ಚಾಯಿತು.

ಇಷ್ಟಾದರೂ ಎಲ್ಲ ಮಳೆಗೂ ಅದನ್ನು ಹಾಕುವುದಿಲ್ಲ. ಓಡುವಾಗ ಜಿಟಿಜಿಟಿ ಬಂದರೆ ನೆನೆಯುತ್ತೇನೆ. ಬೆಟ್ಟದ ಏರಿನಲ್ಲಿ, ಕಾಡಿನೊಳಗೆ, ಇಂಬಳ ಕಿತ್ತುಕೊಳ್ಳುತ್ತಾ ಹತ್ತುವಾಗಲೂ ಬ್ಯಾಗಿನಲ್ಲೇ ಇರುತ್ತದೆ. ಮರ ಮುಗಿದು ಗಾಳಿಗೆ ಮೈಯೊಡ್ಡುವ ಮೊದಲು ನಿಂತು ಹಾಕಿಕೊಳ್ಳುತ್ತೇನೆ, ಕಂಕುಳ ಜಿಪ್ಪು ತೆರೆದಿಟ್ಟು. ಒದ್ದೆ ಮೈಗೆ ಗಾಳಿ ಹೊಡೆದರೆ 18 ಡಿಗ್ರಿಯಲ್ಲೂ ಹಲ್ಲು ಕಡಿಯುವಂತಾಗುತ್ತದೆ, ಆಗ ಜಾಕೆಟ್ ತಡೆಯಬೇಕಾದದ್ದು ನೀರಿಗಿಂತ ಗಾಳಿಯನ್ನು.

ಇನ್ನು ಒಗೆಯುವುದು. ಜಾಕೆಟ್ಟಿನ ಹೊರಮೈಯಲ್ಲಿ ನೀರು ಮುತ್ತಿನಂತೆ ಉರುಳುವುದು ಪೊರೆಯಿಂದಲ್ಲ, ಮೇಲೆ ಬಳಿದ ಲೇಪದಿಂದ. ನಮ್ಮ ರಸ್ತೆಯ ಧೂಳು, ಹೊಗೆ, ಮೈಯ ಎಣ್ಣೆ ಕೂತರೆ ಲೇಪ ಸೋಲುತ್ತದೆ, ಹೊರಬಟ್ಟೆ ನೀರು ಕುಡಿಯುತ್ತದೆ, ಆವಿಯ ದಾರಿ ಮುಚ್ಚುತ್ತದೆ. ಒಳಗೆ ಒದ್ದೆಯಾದವರು ಜಾಕೆಟ್ ಸೋರುತ್ತಿದೆ ಅಂದುಕೊಳ್ಳುತ್ತಾರೆ. ಹಳೆಯ ಲೇಪಗಳಲ್ಲಿದ್ದ ಫ್ಲೋರಿನ್ ರಾಸಾಯನಿಕಗಳು ಪರಿಸರದಲ್ಲಿ ಒಡೆದು ನಾಶವಾಗದೆ ಉಳಿಯುವುದರಿಂದ ಈಗ ಅವನ್ನು ಕೈಬಿಡುತ್ತಿದ್ದಾರೆ. ಹೊಸ ಲೇಪಗಳು ಎಣ್ಣೆ ಜಿಡ್ಡಿಗೆ ಬೇಗ ಸೋಲುವುದರಿಂದ ಒಗೆತ ಹೆಚ್ಚಬೇಕು. ಪುಡಿ ಸೋಪು, ಸಾಫ್ಟನರ್ ಎರಡೂ ಬೇಡ. ದ್ರವ ಸೋಪು ಸ್ವಲ್ಪವೇ ಹಾಕಿ, ಎರಡು ಸಲ ಜಾಲಿಸಿ, ನೆರಳಲ್ಲಿ ಒಣಗಿಸಿ. ಚೀಟಿಯಲ್ಲಿ ಇಸ್ತ್ರಿಗೆ ಒಪ್ಪಿಗೆ ಇದ್ದರೆ ತೆಳು ಬಟ್ಟೆ ಹಾಸಿ ಕಡಿಮೆ ಬಿಸಿಯಲ್ಲಿ ಒಮ್ಮೆ ಆಡಿಸಿದರೆ ಲೇಪ ಮತ್ತೆ ಚೇತರಿಸಿಕೊಳ್ಳುತ್ತದೆ.

ಪಿಯು ಪೊರೆಗೆ ಇನ್ನೊಂದು ಶತ್ರು ತೇವ ಮತ್ತು ಬಿಸಿ. ಒದ್ದೆಯಾದದ್ದನ್ನು ಪುಟ್ಟ ಚೀಲದಲ್ಲಿ ತುರುಕಿ ಅಟ್ಟಕ್ಕೆ ಹಾಕಿದರೆ ಕೆಲವು ವರ್ಷದಲ್ಲಿ ಒಳಪದರ ಅಂಟಂಟಾಗಿ ಸಿಪ್ಪೆ ಏಳುತ್ತದೆ. ಹೊಲಿಗೆಯ ಟೇಪ್ ಎದ್ದರೆ ಅಂಟಿಸಬಹುದು, ಪೊರೆಯೇ ಎದ್ದರೆ ರಿಪೇರಿ ಇಲ್ಲ. ಅಂಗಡಿಯ ಕಪಾಟಿನಲ್ಲಿ ಕೂತರೂ ಅದು ಹಳೆಯದಾಗುತ್ತದೆ. ಹಾಗಾಗಿ ಅರ್ಧ ಬೆಲೆಗೆ ಸಿಗುವ ಹಳೆ ಸ್ಟಾಕ್ ಕಂಡರೆ ಮೊದಲು ಒಳಚೀಟಿಯಲ್ಲಿ ತಯಾರಾದ ವರ್ಷ ಇದೆಯೇ ನೋಡುತ್ತೇನೆ, ಆಮೇಲೆ ತೋಳನ್ನು ಒಳಮೊಗ ಮಾಡಿ ಟೇಪಿನ ಅಂಚನ್ನು ಉಗುರಿನಿಂದ ಕೆರೆಯುತ್ತೇನೆ. ಎದ್ದು ಬಂದರೆ ಅಲ್ಲೇ ಬಿಟ್ಟು ಬರುತ್ತೇನೆ.