ಹಳೆಯ ಖನಿಜ ಕೋಡ್ 331 ಅನ್ನು ಹೊಸ ವರದಿಗೆ ತರುವುದು ಹೇಗೆ?

ಕುಂಸಿಯ ಮ್ಯಾಂಗನೀಸ್ ಇರಲಿ, ಕೆಮ್ಮಣ್ಣುಗುಂಡಿಯ ಕಬ್ಬಿಣದ ಅದಿರಿರಲಿ, ನಮ್ಮ ರಾಷ್ಟ್ರೀಯ ಖನಿಜ ಪಟ್ಟಿಯ ಲೆಕ್ಕ ವಿಶ್ವಸಂಸ್ಥೆಯ 1997ರ ಚೌಕಟ್ಟಿನ, ಅಂದರೆ ಯುಎನ್‌ಎಫ್‌ಸಿಯ ಮೂರಂಕಿ ಕೋಡ್‌ನಲ್ಲಿರುತ್ತದೆ: 111, 122, 331, 333. ಅದನ್ನು ಆಸ್ಟ್ರೇಲಿಯಾದ ಜಾರ್ಕ್ ಅಥವಾ ಕೆನಡಾದ ಎನ್‌ಐ 43-101 ಎಂಬ ಖನಿಜ ವರದಿ ನಿಯಮ ಬಲ್ಲವರ ಮುಂದಿಡಲು ಕೋಡ್ ತಿದ್ದಿದರೆ ಸಾಲದು, ಬೋರ್‌ಹೋಲ್‌ವರೆಗೂ ಹಿಂದೆ ಹೋಗಬೇಕು.

ಮೊದಲು ಅಂಕಿಗಳನ್ನು ಬಿಡಿಸಿಕೊಳ್ಳಿ. ಪ್ರತಿ ಅಂಕಿಯೂ ಒಂದು ಅಕ್ಷದ ದರ್ಜೆ, 1 ಎಲ್ಲಕ್ಕಿಂತ ಮೇಲು. ಮೊದಲನೆಯದು ಇ, ಆರ್ಥಿಕತೆ. ಎರಡನೆಯದು ಎಫ್, ಕಾರ್ಯಸಾಧ್ಯತೆ. ಮೂರನೆಯದು ಜಿ, ಭೂವೈಜ್ಞಾನಿಕ ಖಾತರಿ. ಮೋಸವಿರುವುದು ಇಲ್ಲೇ. ಹಳೆಯ ಪಟ್ಟಿಯಲ್ಲಿ 331 ಎಂದರೆ ಮೆಷರ್ಡ್ ರಿಸೋರ್ಸ್, ಅಂದರೆ ಹೆಚ್ಚು ಖಾತರಿಯಿಂದ ಅಳೆದ ಸಂಪನ್ಮೂಲ. 2009ರಲ್ಲಿ ಅಕ್ಷಗಳ ಅರ್ಥವೇ ಬದಲಾಯಿತು, 2019ರ ಆವೃತ್ತಿಯಲ್ಲೂ ಅದೇ ಮುಂದುವರಿದಿದೆ. ಈಗ ಮೆಷರ್ಡ್‌ಗೆ ಸಲ್ಲುವುದು ಇ2-ಎಫ್2-ಜಿ1. ಹಳೆಯ 122 ಪ್ರೊಬಬಲ್ ರಿಸರ್ವ್, ಅಂದರೆ ಲಾಭಕ್ಕೆ ತೆಗೆಯಬಹುದಾದ, ಆದರೆ ಖಾತರಿ ತುಸು ಕಡಿಮೆಯಿರುವ ಅದಿರು. ಈಗ ಅದರ ಜಾಗ ಇ1-ಎಫ್1-ಜಿ2. ಹಾಗಾಗಿ ಪ್ರತಿ ಕೋಡ್‌ನ ಪಕ್ಕದಲ್ಲಿ ಯಾವ ಆವೃತ್ತಿಯದು ಎಂದು ಇಸವಿ ಬರೆಯಿರಿ.

ಆಮೇಲೆ ಸಾಂದ್ರತೆ. ನಮ್ಮ ಕಡೆ ಲೆಕ್ಕ ಹೆಚ್ಚಾಗಿ ಕೆಡುವುದು ಇದರಲ್ಲೇ. ಮೇಲ್ಪದರದ ಅದಿರು ಜಂಬಿಟ್ಟಿಗೆಯ ಹಾಗೆ ತೂತುತೂತಾಗಿ, ಮಳೆಗಾಲದಲ್ಲಿ ನೀರು ಕುಡಿದು ಕೂತಿರುತ್ತದೆ. ಬೋರ್‌ಹೋಲ್‌ನಿಂದ ತೆಗೆದ ಕೋರ್ ತುಂಡನ್ನು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ತೂಗಿ. ಪ್ಯಾರಾಫಿನ್ ಮೇಣ ಸವರಿ ಮತ್ತೆ ತೂಗಿ, ನೀರಲ್ಲಿ ಮುಳುಗಿಸಿ ಇನ್ನೊಮ್ಮೆ ತೂಗಿ, ಮೇಣದ ಗಾತ್ರ ಕಳೆಯಿರಿ. ಮೇಣವಿಲ್ಲದೆ ಮುಳುಗಿಸಿದರೆ ತೂತಿಗೆ ನೀರು ನುಗ್ಗಿ ಗಾತ್ರ ಕಡಿಮೆ ಬರುತ್ತದೆ, ಸಾಂದ್ರತೆ ಸುಳ್ಳೇ ಏರುತ್ತದೆ. 200 ಮೀಟರ್ ಉದ್ದ, 100 ಅಗಲ, 15 ದಪ್ಪದ ಅದಿರಿನ ಗಡ್ಡೆಗೆ ಸಾಂದ್ರತೆ ಘನ ಮೀಟರಿಗೆ 3.2 ಟನ್ ಹಿಡಿದರೆ 9.6 ಲಕ್ಷ ಟನ್. ಪುಸ್ತಕ ನೋಡಿ 4.0 ಹಾಕಿದರೆ 12 ಲಕ್ಷ. 2.4 ಲಕ್ಷ ಟನ್ ಬರೀ ಕಾಗದದ ಮೇಲಿನ ಅದಿರು!

ಕೂಡುವಾಗಲೂ ಎಚ್ಚರ. ನಮ್ಮ ಪಟ್ಟಿಯಲ್ಲಿ ‘ಉಳಿದ ಸಂಪನ್ಮೂಲ’ ಎಂದರೆ ರಿಸರ್ವ್ ಕಳೆದು ಮಿಕ್ಕಿದ್ದು. ಜಾರ್ಕ್ ವರದಿಯಲ್ಲಿ ರಿಸೋರ್ಸ್‌ನೊಳಗೇ ರಿಸರ್ವ್ ಸೇರಿರಬಹುದು. ಸೇರಿದೆಯೋ ಇಲ್ಲವೋ ಎಂದು ವರದಿ ಸ್ಪಷ್ಟವಾಗಿ ಹೇಳಲೇಬೇಕು. 10 ಲಕ್ಷ ಟನ್ ರಿಸೋರ್ಸ್‌ನಲ್ಲಿ 6 ಲಕ್ಷ ರಿಸರ್ವ್ ಆಗಿದ್ದರೆ ಒಟ್ಟು 10 ಲಕ್ಷವೇ, 16 ಅಲ್ಲ.

ಇ ಅಕ್ಷಕ್ಕೆ ಕುದುರೆಮುಖ ನೋಡಿ. ಗಣಿಗಾರಿಕೆ 2005ರ ಡಿಸೆಂಬರ್ 31ಕ್ಕೆ ನಿಂತಿತು, ಮ್ಯಾಗ್ನೆಟೈಟ್ ನೆಲದಲ್ಲೇ ಇದೆ. ಭೂವೈಜ್ಞಾನಿಕ ಖಾತರಿ ಕುಂದಿಲ್ಲ, ಆದರೆ ರಾಷ್ಟ್ರೀಯ ಉದ್ಯಾನದೊಳಗಿನ ಅದಿರಿಗೆ ಇ3 ಬಿಟ್ಟು ಬೇರೆ ಸಲ್ಲದು. ಯುಎನ್‌ಎಫ್‌ಸಿಯಲ್ಲಿ ಅದಕ್ಕೊಂದು ಸಾಲು ಸಿಗುತ್ತದೆ. ಜಾರ್ಕ್‌ನಲ್ಲಿ ಮಾತ್ರ, ಎಂದಾದರೂ ಲಾಭಕ್ಕೆ ತೆಗೆಯಬಹುದೆಂಬ ಸಕಾರಣ ನಿರೀಕ್ಷೆ ಇಲ್ಲದ್ದು ರಿಸೋರ್ಸೇ ಅಲ್ಲ. ಎರಡೂ ಕಡೆ ಒಂದೇ ಟನ್ ತೋರಿಸಲು ಹೆಣಗಬೇಡಿ. ವ್ಯತ್ಯಾಸ ಏಕೆಂದು ಒಂದು ಸಾಲು ಬರೆಯಿರಿ. ಅರಣ್ಯ ಅನುಮತಿ ಬಾಕಿಯಿರುವ ಗುಡ್ಡಗಳಿಗೂ ಇದೇ ಪ್ರಶ್ನೆ ಹಾಕಿಕೊಳ್ಳಿ.

ಕೊನೆಗೆ ಸಹಿ. ಆ ಬಗೆಯ ನಿಕ್ಷೇಪದಲ್ಲಿ ಕನಿಷ್ಠ 5 ವರ್ಷ ಅನುಭವವಿರುವ, ಮಾನ್ಯತೆ ಪಡೆದ ವೃತ್ತಿಸಂಘದ ಸದಸ್ಯರೇ ಸಹಿ ಹಾಕಬೇಕು. 2019ರಿಂದ ಭಾರತದ್ದೇ ಐಎಂಐಸಿ ಸಂಹಿತೆಯೂ ಕ್ರಿರ್ಸ್ಕೋ ಎಂಬ ಅಂತರರಾಷ್ಟ್ರೀಯ ಖನಿಜ ವರದಿ ಸಂಹಿತೆಗಳ ಬಳಗದಲ್ಲಿದೆ, ಮೊದಲು ಅದರಲ್ಲಿ ಬರೆದರೆ ಜಾರ್ಕ್‌ಗೆ ದಾಟುವುದು ಸಲೀಸು. ಅಂದಹಾಗೆ, ಇನ್ಫರ್ಡ್ (ಕಡಿಮೆ ಖಾತರಿಯ ಅಂದಾಜಿನ) ಟನ್ನೇಜನ್ನು 9,63,412 ಎಂದು ಬರೆಯಬೇಡಿ. ‘ಸುಮಾರು 10 ಲಕ್ಷ’ ಸಾಕು.