ಲಕ್ವ ಹೊಡೆದ ಕೈಗೆ ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸ

ಬಂಧುಗಳೇ, ಪಾರ್ಶ್ವವಾಯುವಿನಿಂದ ಸ್ವಾಧೀನ ತಪ್ಪಿದ ಕೈ ಸಾಮಾನ್ಯವಾಗಿ ಮೊದಲ 3 ತಿಂಗಳಲ್ಲಿ ಹೆಚ್ಚು ವೇಗವಾಗಿ ಸುಧಾರಿಸುತ್ತದೆ. ಆದ್ದರಿಂದ ಸಕಲೇಶಪುರ, ಅರಕಲಗೂಡು ಕಡೆಯ ಹಳ್ಳಿಗಳಿಂದ ದಿನವೂ ಹಾಸನಕ್ಕೆ ಬಂದು ಹೋಗಲಾಗದವರು ಫಿಜಿಯೋಥೆರಪಿಸ್ಟರಿಂದ ಅಭ್ಯಾಸಗಳನ್ನು ಸರಿಯಾಗಿ ಕಲಿತು, ಮನೆಯಲ್ಲಿ ಒಂದು ದಿನವೂ ತಪ್ಪದಂತೆ ಮುಂದುವರಿಸಬೇಕೆಂದು ಕೋರುತ್ತೇನೆ.

ನಮ್ಮ ತಂದೆಯವರಿಗೆ ಹೆಚ್ಚು ನೆರವಾದದ್ದು ನಿತ್ಯದ ಕೆಲಸವೇ. ಮೊರದಲ್ಲಿ ಹರಡಿದ ಕಾಫಿ ಬೀಜವನ್ನು ಹೆಬ್ಬೆರಳು, ತೋರುಬೆರಳುಗಳಿಂದ ಒಂದೊಂದಾಗಿ ಹಿಡಿದು ಸ್ಟೀಲ್ ಲೋಟಕ್ಕೆ ಹಾಕುವಾಗ ಮೊದಮೊದಲು ಹತ್ತರಲ್ಲಿ ಎಂಟು ಜಾರಿ ಬೀಳುತ್ತಿದ್ದವು. ನೋಡಲು ಸಂಕಟವಾದರೂ ನಾವು ಎತ್ತಿಕೊಡದೆ ಕಾದೆವು. ಕೈಯನ್ನು ಸುಮ್ಮನೆ ಮೇಲೆ ಕೆಳಗೆ ಆಡಿಸುವುದಕ್ಕಿಂತ, ಉದ್ದೇಶವಿರುವ ಕೆಲಸವನ್ನು ನೂರಾರು ಬಾರಿ ಮಾಡಿದಾಗ ಮಿದುಳು ಚೆನ್ನಾಗಿ ಕಲಿಯುತ್ತದೆ.

ಮಣಿಕಟ್ಟು ಮತ್ತು ಬೆರಳುಗಳು ಸ್ವಲ್ಪವಾದರೂ ಬಿಚ್ಚಿಕೊಳ್ಳುವಂತಿದ್ದರೆ, ಸರಿಯಿರುವ ಕೈಗೆ ಗವಸು ತೊಡಿಸಿ ದುರ್ಬಲ ಕೈಯಿಂದಲೇ ಕೆಲಸ ಮಾಡಿಸುವ ವಿಧಾನವೂ ಇದೆ. ಬೀಳುವ ಅಪಾಯವಿರುವುದರಿಂದ ತಜ್ಞರನ್ನು ಕೇಳದೆ ಇದನ್ನು ಆರಂಭಿಸಬೇಡಿ. ಬೆರಳೇ ಆಡದವರಿಗೆ ಕನ್ನಡಿ ಚಿಕಿತ್ಸೆ ಕೊಡಿಸಬಹುದು. ಮೇಜಿನ ಮೇಲೆ ಎರಡು ಕೈಗಳ ನಡುವೆ ಕನ್ನಡಿಯನ್ನು ನಿಲ್ಲಿಸಿ, ದುರ್ಬಲ ಕೈಯನ್ನು ಅದರ ಹಿಂದೆ ಮರೆಯಾಗಿಟ್ಟು, ಸರಿಯಿರುವ ಕೈಯ ಪ್ರತಿಬಿಂಬವನ್ನು ನೋಡುತ್ತಾ ಮುಷ್ಟಿಯನ್ನು ನಿಧಾನವಾಗಿ ಬಿಚ್ಚಿ ಮುಚ್ಚಬೇಕು.

ಆರೈಕೆ ಮಾಡುವವರು ದಯವಿಟ್ಟು ದುರ್ಬಲ ಕೈಯನ್ನು ಹಿಡಿದೆಳೆದು ಎಬ್ಬಿಸಬೇಡಿ. ಸ್ನಾಯುಗಳ ಬಿಗಿ ಇಲ್ಲದ ಭುಜದ ಕೀಲು ಸುಲಭವಾಗಿ ಜಾರುತ್ತದೆ, ಆ ನೋವು ಶುರುವಾದರೆ ಅಭ್ಯಾಸವೇ ನಿಂತುಹೋಗುತ್ತದೆ. ಕುಳಿತಾಗ ತೋಳಿನ ಕೆಳಗೆ ದಿಂಬಿಡಿ.